ಗೀರಿಲ್ಲದ ಚಕ್ರ

“ಸ್ವಿಚ್ಚಿಂದ ಕೈ ತೆಗೀರಿ ಮೇಸ್ತ್ರಿಗಳೇ,” ಎಂದರು ನನ್ನ ಅತ್ತಿಗೆ.

ಮೇಸ್ತ್ರಿ ತೆಗೆಯಲಿಲ್ಲ. ಅವರ ಹೆಬ್ಬೆರಳು ಕಪ್ಪು ಗುಂಡಿಯ ಮೇಲೆ ಕೂತೇ ಇತ್ತು. ಎಡಗೈ ಗ್ಯಾಸ್ ಸಿಲಿಂಡರಿನ ತಿರುಪಿನ ಮೇಲಿತ್ತು. ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ ಗಳಿಗೆ ಕೊನೆಗೂ ಬಂದಿರುವಾಗ ಯಾರೋ ಹೆಂಗಸು ಬಾಗಿಲು ದೂಡಿಕೊಂಡು ಬಂದು ನಿಲ್ಲಿಸಿ ಅಂದರೆ ಯಾರು ತಾನೇ ಕೇಳುತ್ತಾರೆ? ನಾನಾಗಿದ್ದರೂ ಕೇಳುತ್ತಿರಲಿಲ್ಲ. ಆದರೆ ಅತ್ತಿಗೆಯ ಮಾತು ಮೀರಿ ನನಗೆ ಅಭ್ಯಾಸವಿಲ್ಲ.

ಅತ್ತಿಗೆ ಮೋಟಾರು ವಾಹನ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ನುಜ್ಜುಗುಜ್ಜಾದ ವಾಹನಗಳ ಹೊಟ್ಟೆ ಬಗೆದು ಕಾರಣ ಹುಡುಕುತ್ತಲೇ ಕೂದಲು ಬೆಳ್ಳಗಾಗಿಸಿಕೊಂಡರು. ಈಗ ಖಾಸಗಿ ಪತ್ತೇದಾರಿ. ಕ್ಯಾಮೆರಾ ಹೊರಲು, ಟಾರ್ಚು ಹಿಡಿಯಲು ಮತ್ತು ಹೊತ್ತು ಹೋಗದಿದ್ದಾಗ ಬೈಸಿಕೊಳ್ಳಲು ಜೊತೆಗೆ ಒಬ್ಬ ಮೈದುನ ಇದ್ದಾನೆ. ಅದು ನಾನು.

“ಇದು ಓಡಿ, ಒಳಗೆ ಏನಾದ್ರೂ ಚೂರಾದ್ರೆ ಒಬ್ಬ ಮನುಷ್ಯ ಜೈಲಲ್ಲೇ ಮುದುಕ ಆಗ್ತಾನೆ,” ಎಂದರು ಅತ್ತಿಗೆ. “ಅವನ ತಂಗಿ ಇಲ್ಲೇ ಇದ್ದಾಳೆ. ಅವಳ ಮುಖ ನೋಡಿ ಗುಂಡಿ ಒತ್ತಿ.”

ಮೇಸ್ತ್ರಿ ಬಾಗಿಲ ಕಡೆ ನೋಡಿದರು. ಡ್ರೈವರನ ತಂಗಿ ತನ್ನ ಹೊಲಿಗೆ ಅಂಗಡಿಯಿಂದ ನೇರವಾಗಿ ಬಂದಿದ್ದಳು. ಕೊರಳಲ್ಲಿ ಇಂಚುಪಟ್ಟಿ ಇನ್ನೂ ನೇತಾಡುತ್ತಿತ್ತು. ಮೇಸ್ತ್ರಿಯ ಹೆಬ್ಬೆರಳು ನಿಧಾನವಾಗಿ ಮೇಲೆದ್ದಿತು.

ಲಾರಿ ಡ್ರೈವರ್ ಕುಡಿದು ಓಡಿಸಿ ಲಾರಿಯನ್ನು ಕಲ್ಲುಕ್ವಾರಿಯ ಹೊಂಡಕ್ಕೆ ಕೆಡವಿದ, ಕ್ಯಾಬಿನ್ನಿನಲ್ಲಿದ್ದ ಲಾರಿಯ ಮಾಲೀಕ ದೊಡ್ಡ ಸಾಹುಕಾರ ಮುಳುಗಿ ಸತ್ತರು ಎಂಬುದು ಆರೋಪ, ನಾಡಿದ್ದು ತೀರ್ಪು. ಡ್ರೈವರನದ್ದು ಮೊದಲಿನಿಂದಲೂ ಒಂದೇ ಮಾತು. ಇಂಜಿನ್ ಆಫ್ ಮಾಡಿ ತಾನು ಕೆಳಗಿಳಿದಿದ್ದೆ, ಲಾರಿ ತಾನಾಗಿ ಇಳಿಜಾರಿನಲ್ಲಿ ಉರುಳಿತು, ಸಾಹುಕಾರರು ಅದರೊಳಗೆ ಹೇಗೆ ಬಂದರೋ ತನಗೆ ಗೊತ್ತಿಲ್ಲ. ಇದನ್ನು ನಂಬಿದ್ದು ಇಡೀ ಜಗತ್ತಿನಲ್ಲಿ ಅತ್ತಿಗೆ ಒಬ್ಬರೇ.

ಲಾರಿಯನ್ನೇ ಪರೀಕ್ಷಿಸೋಣವೆಂದರೆ ಸತ್ತವರ ತಮ್ಮ, ಅಂದರೆ ಸಣ್ಣ ಸಾಹುಕಾರ, ಅದನ್ನು ಆಗಲೇ ಗುಜರಿಗೆ ಹಾಕಿ ಕರಗಿಸಿಬಿಟ್ಟಿದ್ದ. ಕುಲುಮೆಯ ಬಾಯಿಂದ ಉಳಿದದ್ದು ಅದರ ಇಂಜಿನ್ನಿಗೆ ಗಾಳಿ ತುಂಬುವ ಟರ್ಬೋ ಮಾತ್ರ. ಗುಜರಿಯವನು ಅದನ್ನು ಈ ವೆಲ್ಡಿಂಗ್ ಮೇಸ್ತ್ರಿಗೆ ಕೊಟ್ಟಿದ್ದ. ಮೇಸ್ತ್ರಿ ಅದರಿಂದ ಜೆಟ್ ಇಂಜಿನ್ ಮಾಡಿ ಕೂತಿದ್ದರು.

ಹೌದು, ವಿಮಾನಕ್ಕೆ ಇರುತ್ತದಲ್ಲ, ಅದೇ. ಕೇಳಿದಾಗ ನನಗೂ ನಗು ಬಂದಿತ್ತು.

ಕಬ್ಬಿಣದ ಮೇಜಿಗೆ ಸರಪಳಿ ಬಿಗಿದು ಕೂರಿಸಿದ್ದ ಅದನ್ನು ಕಣ್ಣಾರೆ ಕಂಡ ಮೇಲೆ ನಗು ಹೊರಟುಹೋಯಿತು. ಬಸವನಹುಳುವಿನ ಚಿಪ್ಪಿನಂತಹ ಎರಡು ಎರಕದ ಕೋಶಗಳು ಬೆನ್ನಿಗೆ ಬೆನ್ನು ಹಚ್ಚಿ ಕುಳಿತಿದ್ದವು. ಒಳಗೆ ಒಂದೇ ದಂಡ, ಅದರ ಎರಡು ತುದಿಗೆ ಎರಡು ಚಕ್ರ. ಲಾರಿಯಲ್ಲಿ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದರ ಜೊತೆಗೆ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನೆಳೆದು ಇಂಜಿನ್ನಿಗೆ ತುರುಕುತ್ತದೆ.

ಮೇಸ್ತ್ರಿ ಲಾರಿಯ ಇಂಜಿನ್ನನ್ನೇ ಲೆಕ್ಕದಿಂದ ತೆಗೆದುಹಾಕಿದ್ದರು. ಎರಡು ಕೋಶಗಳ ನಡುವೆ ದಪ್ಪ ಉಕ್ಕಿನ ಕೊಳವೆ, ಅದರೊಳಗೆ ಮೈತುಂಬ ತೂತು ಕೊರೆದ ಇನ್ನೊಂದು ಕೊಳವೆ. ಮುಂದಿನ ಚಕ್ರ ತಳ್ಳಿದ ಗಾಳಿ ಅಲ್ಲಿ ಗ್ಯಾಸಿನೊಡನೆ ಉರಿಯಬೇಕು, ಉರಿದ ಗಾಳಿ ಹಿಂದಿನ ಚಕ್ರವನ್ನು ತಿರುಗಿಸಬೇಕು, ಆ ಚಕ್ರ ಮುಂದಿನದನ್ನು ತಿರುಗಿಸಬೇಕು. ಒಮ್ಮೆ ಹಿಡಿದುಕೊಂಡರೆ ಸಾಕು, ಮತ್ತೆ ಯಾರ ಹಂಗೂ ಇಲ್ಲ.

“ಇದ್ರಲ್ಲಿ ಅಂಗಡೀಲಿ ಕೊಂಡಿದ್ದು ಅಂತ ಒಂದು ಸ್ಕ್ರೂ ಇಲ್ಲ ಮೇಡಂ, ಎಲ್ಲಾ ಗುಜರಿ,” ಎಂದರು ಮೇಸ್ತ್ರಿ. ಆ ಜಂಬಕ್ಕೇ ಬೀದಿಯವರು ಅವರಿಗೆ ರಾಕೆಟ್ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಎಣ್ಣೆ ಪಂಪು ಹಳೇ ಕಾರಿನದು, ಕಿಡಿ ಹಾರಿಸುವ ಪ್ಲಗ್ಗು ಸತ್ತ ಸ್ಕೂಟರಿನದು, ಆರಂಭಕ್ಕೆ ಗಾಳಿ ಊದುವ ಬ್ಲೋಯರು ಬಡಗಿಯ ಅಂಗಡಿಯದು. ಎಣ್ಣೆ ತುಂಬಿದ್ದ ಪಾತ್ರೆ ಮಾತ್ರ ನನಗೆ ಎಲ್ಲೋ ನೋಡಿದ ಹಾಗಿತ್ತು.

“ಅದು ನನ್ನ ಕುಕ್ಕರ್,” ಎಂದರು ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಮೇಸ್ತ್ರಿಯ ಹೆಂಡತಿ. “ಈ ಸವತಿ ನನ್ನ ಕುಕ್ಕರ್ ತಗೊಂಡ್ಲು, ನನ್ನ ಗ್ಯಾಸ್ ತಗೊಂಡ್ಲು. ಗಂಡನ್ನಂತೂ ಯಾವತ್ತೋ ತಗೊಂಡಾಯ್ತು.”

ಅತ್ತಿಗೆ ನಗಲಿಲ್ಲ. ಕೆಲಸದ ಹೊತ್ತಿನಲ್ಲಿ ಅವರು ನಗುವುದಿಲ್ಲ, ಮನೆಗೆ ಹೋದ ಮೇಲೆ ಅದೇ ಮಾತನ್ನು ನೆನೆಸಿಕೊಂಡು ಒಬ್ಬರೇ ನಗುತ್ತಾರೆ. ಅವರ ಕಣ್ಣು ಬೆಂಚಿನ ಮೇಲಿದ್ದ, ಸೀಲು ಒಡೆಯದ ಒಂದು ಹೊಸ ಪೆಟ್ಟಿಗೆಯ ಮೇಲಿತ್ತು. ಅದೇನೆಂದು ಕೇಳಿದರು.

ಮೇಸ್ತ್ರಿ ಮುಚ್ಚುಮರೆಯಿಲ್ಲದೆ ಹೇಳಿದರು. ಬೆಳಗ್ಗೆ ಸಣ್ಣ ಸಾಹುಕಾರ ತಾನೇ ಬಂದಿದ್ದನಂತೆ. ಸತ್ತ ಅಣ್ಣನ ನೆನಪಿಗೆ ಆ ಹಳೇ ಟರ್ಬೋ ಬೇಕು, ಬದಲಿಗೆ ಹೊಚ್ಚಹೊಸದು ಇಟ್ಟುಕೊಳ್ಳಿ ಎಂದು ಪೆಟ್ಟಿಗೆ ಇಟ್ಟುಹೋಗಿದ್ದನಂತೆ. ಸಂಜೆ ಉತ್ತರ ಕೇಳಲು ಬರುತ್ತಾನಂತೆ.

ಅತ್ತಿಗೆ ನನ್ನ ಕಡೆ ತಿರುಗಿದರು. ಅಣ್ಣನ ಫೋಟೋ ಅಲ್ಲ, ವಾಚು ಅಲ್ಲ, ಟರ್ಬೋ ನೆನಪಿಗೆ ಬೇಕಂತೆ. ಕಳ್ಳ ಸಿಕ್ಕಿಬಿದ್ದ ಎಂದು ನಾನು ಒಳಗೊಳಗೇ ಬೆನ್ನು ತಟ್ಟಿಕೊಂಡೆ.

“ಈಗ ನಾನು ಹೇಳೋದು ಕೇಳಿ,” ಎಂದು ಅತ್ತಿಗೆ ಮೇಸ್ತ್ರಿಯ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. “ಇಂಜಿನ್ ಓಡ್ತಿರುವಾಗ ಲಾರಿ ನೀರಿಗೆ ಬಿದ್ರೆ ಈ ಮುಂದಿನ ಚಕ್ರ ಗಾಳಿ ಬದಲು ನೀರು ಎಳ್ಕೊಳ್ಳತ್ತೆ. ಆ ವೇಗಕ್ಕೆ ನೀರೂ ಕಲ್ಲಿನ ಹಾಗೇನೇ. ರೆಕ್ಕೆ ಎಲ್ಲಾ ಒಂದೇ ಕಡೆ ಮಡಚಿಹೋಗತ್ತೆ. ಇಂಜಿನ್ ಆಫ್ ಆಗಿದ್ರೆ ನೀರು ಸುಮ್ನೆ ತುಂಬ್ಕೊಳ್ಳತ್ತೆ. ರೆಕ್ಕೆಗೆ ಏನೂ ಆಗಲ್ಲ.”

ಅಂದರೆ ಡ್ರೈವರ್ ನಿಜ ಹೇಳುತ್ತಿದ್ದಾನೋ ಸುಳ್ಳು ಹೇಳುತ್ತಿದ್ದಾನೋ ಎಂಬುದಕ್ಕೆ ಉಳಿದಿರುವ ಒಂದೇ ಸಾಕ್ಷಿ ಈ ಮೇಜಿನ ಮೇಲಿತ್ತು. ಅದನ್ನು ಹಾಗೇ ಬಿಚ್ಚಿ, ಸೀಲು ಮಾಡಿ ನ್ಯಾಯಾಲಯಕ್ಕೆ ಒಯ್ಯಬೇಕು ಎಂಬುದು ಅತ್ತಿಗೆಯ ಹಟ.

ಮೇಸ್ತ್ರಿ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಬಿಚ್ಚುವುದೇನೂ ಬೇಡ, ಬಾಯಿಯ ಜಾಲರಿಯಿಂದಲೇ ಚಕ್ರ ಕಾಣುತ್ತದೆ, ನೋಡಿಕೊಳ್ಳಿ ಎಂದರು. ನಾನು ಟಾರ್ಚು ಹಿಡಿದೆ. ಅತ್ತಿಗೆ ಮೂಗು ತಾಗುವಷ್ಟು ಬಗ್ಗಿದರು.

ಒಳಗೆ ಬೆಳ್ಳಗೆ ಮಿಂಚುವ ರೆಕ್ಕೆಗಳು ಒಂದರ ಹಿಂದೆ ಒಂದು ಬಾಗಿ ನಿಂತಿದ್ದವು. ಒಂದಕ್ಕೂ ಗೀರಿಲ್ಲ. ಎಷ್ಟು ಚೆಂದ ಇತ್ತೆಂದರೆ, ಇಂಥದೊಂದು ಕೊಳಕು ಲಾರಿಗಳ ಹೊಟ್ಟೆಯಲ್ಲಿ ಇರುತ್ತದೆ ಎಂದು ನನಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

“ಬಾಮ್ಮ, ನೀನೂ ನೋಡು,” ಎಂದು ಅತ್ತಿಗೆ ಡ್ರೈವರನ ತಂಗಿಯನ್ನು ಕರೆದರು. ಅವರ ದನಿಯಲ್ಲಿ ಅಪರೂಪದ ಗೆಲುವಿತ್ತು.

ಹುಡುಗಿ ಬಗ್ಗಿದಳು. ಬಗ್ಗಿದವಳು ಎಷ್ಟೋ ಹೊತ್ತು ಏಳಲಿಲ್ಲ. ಎದ್ದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಸಂತೋಷ ಉಕ್ಕಿದರೆ ಕೆಲವರಿಗೆ ಹೀಗೇ ಮಾತು ಹೊರಡುವುದಿಲ್ಲ ಎಂದುಕೊಂಡೆ.

“ಇದು ಆ ಲಾರೀದೇ ಚಕ್ರಾನಾ?” ಎಂದಳು ಕೊನೆಗೆ.

ಮೇಸ್ತ್ರಿಗೆ ರೇಗಿತು. ಗುಜರಿಯಿಂದ ತಂದಾಗ ಹೇಗಿತ್ತೋ ಹಾಗೇ ಕೂರಿಸಿದ್ದೇನೆ, ಬೇಕಾದರೆ ದೇವರ ಮೇಲೆ ಆಣೆ ಎಂದುಬಿಟ್ಟರು. ಹೆಂಡತಿ ಸೆರಗಿನಿಂದ ಕುಕ್ಕರಿನ ಅಂಚು ಒರೆಸತೊಡಗಿದರು.

ಆಮೇಲೆ ಮೇಸ್ತ್ರಿ ತಮ್ಮ ಷರತ್ತು ಇಟ್ಟರು. ಇದು ತಮ್ಮ ಸ್ವತ್ತು, ಯಾವ ಆದೇಶವೂ ಇಲ್ಲದೆ ಯಾರೂ ಮುಟ್ಟುವ ಹಾಗಿಲ್ಲ. ಒಂದೇ ಒಂದು ಸಲ ಓಡಲಿ. ಓಡಿದ ಮೇಲೆ ತಾವೇ ಬಿಚ್ಚಿ ಅತ್ತಿಗೆಯ ಕೈಗೆ ಕೊಡುತ್ತಾರೆ. ಬೇಡವೆಂದರೆ ಸಂಜೆ ಸಣ್ಣ ಸಾಹುಕಾರನ ಪೆಟ್ಟಿಗೆಯನ್ನೇ ಒಪ್ಪಿಕೊಳ್ಳುತ್ತಾರೆ.

ಅತ್ತಿಗೆ ಹಲ್ಲು ಕಚ್ಚಿ ಕೂತರು. ಜಾಲರಿಯ ಮೂಲಕ ನಾನು ತೆಗೆದ ಫೋಟೋಗಳು ಇದ್ದವು, ಆದರೆ ಫೋಟೋ ಬೇರೆ, ವಸ್ತು ಬೇರೆ.

“ಓಡ್ಲಿ ಬಿಡಿ ಮೇಡಂ,” ಎಂದಳು ಡ್ರೈವರನ ತಂಗಿ. ಆ ನಂಬಿಕೆಗೆ ನನ್ನ ಕಣ್ಣು ಒದ್ದೆಯಾಯಿತು. ಅತ್ತಿಗೆ ಅವಳನ್ನೇ ಕ್ಷಣ ನೋಡಿ ತಲೆಯಾಡಿಸಿದರು. ನಿಜ ಹೇಳಬೇಕೆಂದರೆ ಅವರಿಗೂ ಅದು ಓಡುವುದನ್ನು ನೋಡುವ ಆಸೆ ತಡೆಯಲಾಗಿರಲಿಲ್ಲ. ಸ್ಟೂಲನ್ನು ಅವರು ಮುಂದಕ್ಕೆ ಎಳೆದುಕೊಂಡದ್ದೇ ಅದಕ್ಕೆ ಸಾಕ್ಷಿ.

ಮೇಸ್ತ್ರಿಯ ಹೆಂಡತಿ ಎದ್ದು ಎಣ್ಣೆ ಪಂಪು ಹಾಕಿದರು. ದಂಡ ಎಣ್ಣೆಯ ಪದರದ ಮೇಲೆ ತೇಲುತ್ತಲೇ ತಿರುಗಬೇಕು, ಎಣ್ಣೆ ತಪ್ಪಿದರೆ ಸುಟ್ಟುಹೋಗುತ್ತದೆ ಎಂದು ಅವರೇ ನನಗೆ ವಿವರಿಸಿದರು. ಸವತಿಯ ಗುಣ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.

ಮೇಸ್ತ್ರಿ ಬ್ಲೋಯರಿನ ಮೂತಿಯನ್ನು ಜಾಲರಿಗೆ ಹಿಡಿದರು. ಒಳಗಿನ ಚಕ್ರ ಗುಂಯ್ ಎನ್ನತೊಡಗಿತು. ಕಪ್ಪು ಗುಂಡಿ ಒತ್ತಿದರು. ಕೊಳವೆಯೊಳಗೆ ಕಿಡಿ ಟಿಕ್ಕು ಟಿಕ್ಕೆಂದಿತು. ಗ್ಯಾಸಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು.

ಧಡ್ ಎಂದಿತು. ಹಿಂದಿನ ಬಾಯಿಂದ ಹಳದಿ ಬೆಂಕಿ ಮೊಳದುದ್ದ ನಾಲಿಗೆ ಚಾಚಿತು. ನಾನು ಎಗರಿ ಅತ್ತಿಗೆಯ ಬೆನ್ನ ಹಿಂದೆ ನಿಂತೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ.

ಮೇಸ್ತ್ರಿ ಗ್ಯಾಸು ಹೆಚ್ಚಿಸಿದರು. ಬೆಂಕಿ ಒಳಗೆ ಸರಿಯಿತು, ಸದ್ದು ಮೇಲೇರಿತು. ಗುಂಯ್ ಅನ್ನುತ್ತಿದ್ದದ್ದು ಕೂಗಾಯಿತು, ಕೂಗು ಸಿಳ್ಳೆಯಾಯಿತು, ಸಿಳ್ಳೆ ಹಲ್ಲಿನ ಬೇರಿಗೆ ಇಳಿಯಿತು. ಆಗ ಅವರು ಬ್ಲೋಯರನ್ನು ಪಕ್ಕಕ್ಕೆ ಸರಿಸಿ ಆಫ್ ಮಾಡಿ ನೆಲದ ಮೇಲಿಟ್ಟರು.

ನಿಂತುಹೋಗುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ.

ಯಾರೂ ಊದುತ್ತಿರಲಿಲ್ಲ. ಯಾರೂ ತಿರುಗಿಸುತ್ತಿರಲಿಲ್ಲ. ಕುಲುಮೆಗೆ ಹೋಗಬೇಕಿದ್ದ ಒಂದು ಮುಷ್ಟಿ ಕಬ್ಬಿಣ, ಸತ್ತ ಸ್ಕೂಟರಿನ ಕಿಡಿ, ಅಡುಗೆಮನೆಯ ಕುಕ್ಕರು ಇಷ್ಟೇ ಸೇರಿ ತನ್ನ ಉಸಿರನ್ನು ತಾನೇ ಎಳೆದುಕೊಂಡು ಬದುಕಿಬಿಟ್ಟಿತ್ತು.

ಮೇಸ್ತ್ರಿ ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಜಾಲರಿಯಿಂದ ದೂರದಲ್ಲಿ ಹಿಡಿದರು. ಬಟ್ಟೆ ನೆಟ್ಟಗೆ ಅದರ ಕಡೆಗೆ ಚಾಚಿಕೊಂಡಿತು. ಹಿಂದುಗಡೆ ಗೋಡೆ, ಕಿಟಕಿ ಎಲ್ಲವೂ ಬಿಸಿಗಾಳಿಯಲ್ಲಿ ನಡುಗುತ್ತಿದ್ದವು. ಕೊಳವೆಯ ಮೈ ನಿಧಾನವಾಗಿ ಕೆಂಪಾಯಿತು. ಮೇಜು ಮುಂದಕ್ಕೆ ಹೋಗಲು ಹವಣಿಸಿ ಸರಪಳಿಯನ್ನು ಬಿಗಿಯಾಗಿ ಜಗ್ಗುತ್ತಿತ್ತು.

ನಾನು ಜೀವಮಾನದಲ್ಲಿ ಮೈಮರೆತದ್ದು ಕಡಿಮೆ. ಅವತ್ತು ಮೈಮರೆತೆ. ಕೈಯಲ್ಲಿ ಕ್ಯಾಮೆರಾ ಇದೆ ಎಂಬುದೂ ನೆನಪಾಗಲಿಲ್ಲ. ಮನುಷ್ಯ ಎಂಬ ಪ್ರಾಣಿಯ ಮೇಲೆ ನನಗೆ ಅಂಥ ದೊಡ್ಡ ಅಭಿಪ್ರಾಯವೇನೂ ಇಲ್ಲ, ಆದರೆ ಬನಿಯನ್ ಹಾಕಿಕೊಂಡ ಈ ಬಡಾಯಿಕೋರ ಮನುಷ್ಯನ ಕಾಲು ಮುಟ್ಟಬೇಕು ಅನ್ನಿಸಿತು. ಅತ್ತಿಗೆ ಬಾಯಿ ತೆರೆದುಕೊಂಡು ನಿಂತಿದ್ದರು. ಮೇಸ್ತ್ರಿಯ ಹೆಂಡತಿ ಸದ್ದಿಲ್ಲದೆ ಅಳುತ್ತಿದ್ದರು, ಗಂಡನ ಕಡೆ ನೋಡುತ್ತ.

ಮೇಸ್ತ್ರಿ ಗ್ಯಾಸು ಮುಚ್ಚಿದರು. ಸಿಳ್ಳೆ ಮೆಟ್ಟಿಲಿಳಿದ ಹಾಗೆ ಇಳಿಯುತ್ತ ಬಂದು ನಿಂತಿತು. ಎಣ್ಣೆ ಪಂಪನ್ನು ನಿಲ್ಲಿಸಲಿಲ್ಲ. ಕಾದ ದಂಡದ ಸುತ್ತ ಎಣ್ಣೆ ನಿಂತರೆ ಕರಕಾಗಿ ಅಂಟಿಕೊಳ್ಳುತ್ತದಂತೆ. ಬ್ಲೋಯರಿನಿಂದ ಮತ್ತೆ ತಣ್ಣನೆ ಗಾಳಿ ಊದಿದರು.

ಇಲ್ಲಿಗೆ ನಿಲ್ಲಿಸಿದ್ದರೆ ಮೇಸ್ತ್ರಿ ಗೆದ್ದಿದ್ದರು. ಆದರೆ ಗೆದ್ದವನಿಗೆ ಸುಮ್ಮನಿರಲು ಬರುವುದಿಲ್ಲ. ಯಾರೂ ಕೇಳದಿದ್ದರೂ ಅವರು ಜಾಲರಿಯ ಸ್ಕ್ರೂಗಳನ್ನು ಬಿಚ್ಚಿ ಬಾಯಿಯನ್ನು ತೆರೆದಿಟ್ಟರು. “ಈಗ ಕೈಯಲ್ಲೇ ಮುಟ್ಟಿ ನೋಡಿ ಮೇಡಂ, ಇಷ್ಟು ಓಡಿದ್ರೂ ಒಂದು ಗೀರಿಲ್ಲ.”

ಗಾಳಿ ಎಳೆಯುವ ಆ ಕಡೆ ತಣ್ಣಗೇ ಇತ್ತು. ಅತ್ತಿಗೆ ತೋರುಬೆರಳನ್ನು ಒಳಗೆ ಇಳಿಸಿದರು. ರೆಕ್ಕೆಗಳನ್ನು ಸವರಿದರು. ಆಮೇಲೆ ಬೆರಳು ಚಕ್ರವನ್ನು ಬಿಟ್ಟು ಕೋಶದ ಒಳಗೋಡೆಗೆ ಹೋಯಿತು. ಒಂದು ಸುತ್ತು ಬಂತು. ಇನ್ನೊಂದು ಸುತ್ತು ಬಂತು.

“ಟಾರ್ಚ್ ಕೊಡೋ,” ಎಂದರು. ಆ ದನಿಯಲ್ಲಿ ಗೆಲುವು ಉಳಿದಿರಲಿಲ್ಲ.

ನಾನೂ ಬಗ್ಗಿ ನೋಡಿದೆ. ಒಳಗೋಡೆಯನ್ನು ಯಾರೋ ಕಷ್ಟಪಟ್ಟು ಉಜ್ಜಿ ಹೊಳಪು ಕೊಟ್ಟಿದ್ದರು. ಆದರೆ ಉಜ್ಜುವ ಕೈ ತಲುಪದ ಆಳದಲ್ಲಿ, ಚಕ್ರದ ಅಂಚಿಗೆ ಸರಿಯಾಗಿ, ಉಂಗುರದಂತಹ ಒಂದು ಒರಟು ಗೀರು ಸುತ್ತಲೂ ಹಾದುಹೋಗಿತ್ತು.

“ಚಕ್ರಕ್ಕೆ ಗೀರಿಲ್ಲ, ಗೋಡೆಗೆ ಗೀರಿದೆ,” ಎಂದರು ಅತ್ತಿಗೆ. “ಗೋಡೆನ ಗೀರಿದ್ದು ಯಾರು ಮೇಸ್ತ್ರಿಗಳೇ?”

ಹಳೇ ಮಾಲು, ಎಲ್ಲೋ ಬಿದ್ದು ತಾಗಿರಬೇಕು ಎಂದು ಮೇಸ್ತ್ರಿ ತಡವರಿಸಿದರು.

“ಬಿದ್ದು ತಾಗಿದ್ರೆ ಒಂದು ಕಡೆ ತಾಗತ್ತೆ, ಸುತ್ತಲೂ ತಾಗಲ್ಲ. ತಿರುಗ್ತಿರೋ ಚಕ್ರ ಅಲುಗಾಡಿದ್ರೆ ಮಾತ್ರ ಹೀಗೆ ಉಂಗುರ ಬೀಳತ್ತೆ. ಹಾಗೆ ಗೀರಿದ ಚಕ್ರದ ರೆಕ್ಕೆ ತುದಿ ಸವೆದಿರಬೇಕು. ಇದರ ತುದಿಗೆ ನನ್ನ ಬೆರಳು ಕುಯ್ಕೊಳ್ಳತ್ತೆ.” ಅತ್ತಿಗೆ ಬೆರಳು ಎತ್ತಿ ತೋರಿಸಿದರು. ತುದಿಯಲ್ಲಿ ಸಾಸಿವೆಯಷ್ಟು ರಕ್ತವಿತ್ತು. “ಇದು ಹೊಸ ಚಕ್ರ. ಹಳೇದು ಎಲ್ಲಿ?”

ಈಗಷ್ಟೇ ಆಕಾಶ ಮುಟ್ಟಿದ್ದ ಮನುಷ್ಯನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ನನಗೆ ಅಯ್ಯೋ ಅನ್ನಿಸಿತು.

“ಹೇಳ್ಬಿಡ್ರೀ,” ಎಂದರು ಹೆಂಡತಿ. “ಅದು ಓಡಿದ್ದನ್ನ ನಾವೆಲ್ಲ ನೋಡಿದ್ವಲ್ಲ. ಒಂದು ಚಕ್ರ ಕೊಂಡ್ಕೊಂಡು ಬಂದ್ರೆ ಅದೇನು ನಿಮ್ಮದಲ್ಲ ಅಂತ ಆಗೋಗತ್ತಾ?”

ಆಗ ಮೇಸ್ತ್ರಿ ಹೇಳಿದರು. ಗುಜರಿಯಿಂದ ಬಂದ ಚಕ್ರ ಹಾಳಾಗಿತ್ತು, ಅದನ್ನು ಹಾಕಿದರೆ ಇಂಜಿನ್ ಜನ್ಮದಲ್ಲಿ ಓಡುತ್ತಿರಲಿಲ್ಲ. ಅಷ್ಟರಲ್ಲಾಗಲೇ ಎಲ್ಲ ಗುಜರಿಯದೇ ಎಂದು ಬೀದಿಗೆಲ್ಲ ಸಾರಿ ಆಗಿತ್ತು. ದೂರದ ಅಂಗಡಿಗೆ ಕದ್ದು ಹೋಗಿ ಹೊಸದು ತಂದು ಹಾಕಿದರು. ಆ ಒಂದು ಚಿಕ್ಕ ಸುಳ್ಳು ಯಾರ ಬಾಳಿಗಾದರೂ ತಗಲೀತು ಎಂದು ಅವರಿಗೆ ಹೊಳೆದಿರಲಿಲ್ಲ.

ಹಳೇ ಚಕ್ರವನ್ನು ಎಸೆದಿರಲಿಲ್ಲ. ಅಟ್ಟದ ಡಬ್ಬದಿಂದ ತೆಗೆದು, ಬಟ್ಟೆ ಬಿಚ್ಚಿ ಅತ್ತಿಗೆಯ ಅಂಗೈಯಲ್ಲಿಟ್ಟರು.

ಬೆರಳುಗಳನ್ನೆಲ್ಲ ಒಂದೇ ಕಡೆಗೆ ಮಡಚಿದ ಕೈಯಂತೆ, ಆ ಚಕ್ರದ ಪ್ರತಿ ರೆಕ್ಕೆಯೂ ಒಂದೇ ಕಡೆಗೆ ಮಡಚಿಹೋಗಿತ್ತು.

ಲಾರಿ ನೀರಿಗೆ ಬಿದ್ದಾಗ ಇಂಜಿನ್ ಓಡುತ್ತಿತ್ತು. ಡ್ರೈವರ್ ಸುಳ್ಳು ಹೇಳಿದ್ದ. ಅವನನ್ನು ಬಿಡಿಸಲು ಇಷ್ಟು ದಿನ ಅಲೆದು ನಾವು ಹುಡುಕಿ ತೆಗೆದ ಸಾಕ್ಷಿ ಅವನನ್ನೇ ಮುಳುಗಿಸುವಂಥದ್ದಾಗಿತ್ತು. ಆ ತುಂಡನ್ನು ಕಿಸೆಗೆ ಹಾಕಿಕೊಂಡು ಮರೆತುಬಿಡೋಣ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ. ಅತ್ತಿಗೆಗೆ ಹಾಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಅತ್ತಿಗೆ ಚಕ್ರವನ್ನು ಅಂಗೈಯಲ್ಲಿ ತಿರುಗಿಸುತ್ತ ಬೇರೇನೋ ಯೋಚಿಸುತ್ತಿದ್ದರು. ಆಮೇಲೆ ಬೆಂಚಿನ ಮೇಲಿನ ಹೊಸ ಪೆಟ್ಟಿಗೆಯ ಕಡೆ ನೋಡಿದರು.

“ಇದು ಡ್ರೈವರನಿಗೆ ಉರುಳಾದ್ರೆ ಸಣ್ಣ ಸಾಹುಕಾರನಿಗೆ ಒಳ್ಳೇದೇ ಆಯ್ತಲ್ಲ,” ಎಂದರು. “ಅವನೇ ಕೋರ್ಟಿಗೆ ತಂದು ತೋರಿಸ್ಬೇಕಿತ್ತು. ಯಾಕೆ ಬಚ್ಚಿಡೋಕೆ ಓಡಾಡ್ತಿದಾನೆ?”

ಅತ್ತಿಗೆ ಕೇಳಿದ್ದು ನನ್ನನ್ನಲ್ಲ.

“ಅವನು ಹೆದರ್ತಿರೋದು ಈ ಚಕ್ರಕ್ಕಲ್ಲ. ಇದನ್ನ ನೋಡಿ, ಅವತ್ತು ಲಾರೀಲಿ ಇದ್ದವರು ಯಾರೋ ಬಾಯಿ ಬಿಡ್ತಾರೆ ಅಂತ.” ಅವರು ಹಾಗೇ ತಿರುಗಿ ಡ್ರೈವರನ ತಂಗಿಯ ಎದುರಿಗೆ ನಿಂತರು. “ಆಗ ಗೀರಿಲ್ಲದ ಚಕ್ರ ನೋಡಿ ನೀನು ನಗಬೇಕಿತ್ತು ತಾಯಿ. ಅದು ಗೀರಿಲ್ಲದೆ ಇರೋಕೆ ಸಾಧ್ಯವೇ ಇಲ್ಲ ಅಂತ ನಿನಗೆ ಗೊತ್ತಿತ್ತು, ಅದಕ್ಕೆ ಹೆದರಿದೆ. ಆಮೇಲೆ ಓಡ್ಲಿ ಬಿಡಿ ಅಂದೆ. ಯಾರಾದ್ರೂ ಬಿಚ್ಚಿ ನೋಡೋ ಮುಂಚೆ ಓಡಿ ಚೂರಾಗ್ಲಿ ಅಂತ ತಾನೇ?”

ಹುಡುಗಿ ಕೊರಳ ಇಂಚುಪಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅಳಲಿಲ್ಲ. ಅಷ್ಟು ದಿನ ಬಿಗಿಹಿಡಿದಿದ್ದ ಮಾತು ಒಂದೇ ಸಮನೆ ಹೊರಗೆ ಬಂತು.

ಕ್ವಾರಿಯ ಖಾಲಿ ಜಾಗದಲ್ಲಿ ಅಣ್ಣ ಅವಳಿಗೆ ಲಾರಿ ಓಡಿಸುವುದನ್ನು ಕಲಿಸುತ್ತಿದ್ದನಂತೆ. ಅವತ್ತು ಅವನು ಕೆಳಗೆ ನಿಂತು ಕೈ ತೋರಿಸುತ್ತಿದ್ದ, ಸ್ಟಿಯರಿಂಗ್ ಹಿಡಿದಿದ್ದವಳು ಅವಳು. ಇಳಿಜಾರಿನಲ್ಲಿ ಬ್ರೇಕು ತುಳಿದರೆ ಬ್ರೇಕೇ ಇರಲಿಲ್ಲ. ನೀರಿಗೆ ಬಿದ್ದ ಮೇಲೆ ಕಿಟಕಿಯಿಂದ ಹೇಗೋ ಹೊರಗೆ ಬಂದಳು. ಅಣ್ಣ ಅವಳನ್ನು ಒದ್ದೆ ಬಟ್ಟೆಯಲ್ಲೇ ಮನೆಗೆ ಅಟ್ಟಿ, ಸಾಯುವವರೆಗೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡ. ಲಾರಿ ತಾನಾಗಿ ಉರುಳಿತು ಎಂದು ಮಾಲೀಕರಿಗೆ ಹೇಳಿದರಾಯಿತು, ಬೈದು ಬಿಡುತ್ತಾರೆ ಎಂದುಕೊಂಡಿದ್ದ.

“ಮಾರನೇ ದಿನ ಕ್ರೇನ್ ತಂದು ಲಾರಿ ಎತ್ತಿದ್ರು,” ಎಂದಳು ಅವಳು. “ಕ್ಯಾಬಿನ್ನಲ್ಲಿ ದೊಡ್ಡ ಸಾಹುಕಾರರ ಹೆಣ ಸಿಕ್ತು ಅಂದ್ರು. ಆದ್ರೆ ಅದು ನೀರಿಗೆ ಬಿದ್ದಾಗ ಒಳಗಿದ್ದದ್ದು ನಾನೊಬ್ಬಳೇ, ಮೇಡಂ.”